ಐವತ್ತೊಂಬತ್ತನೆಯ ಶೇಷ

26 ಸೆಪ್ಟೆಂಬರ್ 1932, ಸೋಮವಾರ

ಇವತ್ತಿನಿಂದ ಅರವತ್ತು ದಿನ ನಾನು ಮಾತಾಡಕೂಡದು. ಪಿಸುಗುಟ್ಟಲೂ ಕೂಡದು. ಕೆಮ್ಮುವುದಿದ್ದರೂ ಮರ್ಯಾದೆಯಿಂದ ಕೆಮ್ಮಬೇಕಂತೆ.

ಡಾಕ್ಟರ್ ವ್ರೆಚ್ಕೊ ಪುಟ್ಟ ಕನ್ನಡಿಯೊಂದನ್ನು ಗಂಟಲಿಗಿಳಿಸಿ ನೋಡಿದರು. ಧ್ವನಿ ಹೊರಡುವ ಜಾಗದಲ್ಲಿ ಒಂದು ಗಂಟು ಕೂತಿದೆ. ಮೂವತ್ತು ವರ್ಷ ದನದ ಸಂತೆಗಳಲ್ಲಿ ಕಿರುಚಿದ್ದಕ್ಕೆ ಬಂದದ್ದಾದರೆ ಮೌನಕ್ಕೆ ಕರಗುತ್ತದೆ. ಕರಗದಿದ್ದರೆ ಕೆಟ್ಟ ಜಾತಿಯದು. ಗ್ರಾಜ್‌ಗೆ ಹೋಗಿ ದೊಡ್ಡಾಸ್ಪತ್ರೆಯಲ್ಲಿ ಕೊಯ್ಯಿಸಬೇಕು, ಗಂಟಿನ ಜೊತೆ ಧ್ವನಿಯೂ ಹೋಗುತ್ತದೆ. ನವೆಂಬರ್ 25ಕ್ಕೆ, ಸಂತ ಕತರೀನಾಳ ಸಂತೆಯ ದಿನ, ಮತ್ತೆ ಕನ್ನಡಿ.

ನಾನಾಡಿದ ಕೊನೆಯ ಮಾತುಗಳನ್ನು ಬರೆದಿಡುತ್ತೇನೆ.

"ಮೂವತ್ತು ದಿನ ಸಾಕಲ್ವಾ ಡಾಕ್ಟ್ರೇ?"

"ಅರವತ್ತು."

"ನನಗೂ ಬೇಡ, ನಿಮಗೂ ಬೇಡ, ನಲವತ್ತೈದು."

"ಓಜ್ಬಾಲ್ಟ್, ನಾನು ಹಸು ಮಾರ್ತಿಲ್ಲ. ಬಾಯಿ ಮುಚ್ಚು."

ಮುಚ್ಚಿದೆ.

28 ಸೆಪ್ಟೆಂಬರ್

ಹೆಂಡತಿ ಉರ್ಷಾ ನನ್ನ ಕೊರಳಿಗೆ ಸ್ಲೇಟು ಕಟ್ಟಿದ್ದಾಳೆ, ಹಸುವಿಗೆ ಗಂಟೆ ಕಟ್ಟಿದ ಹಾಗೆ. ವ್ಯತ್ಯಾಸವೆಂದರೆ ಗಂಟೆ ಸದ್ದು ಮಾಡುತ್ತದೆ.

ಬೆಳಿಗ್ಗೆ ಗುಡ್ಡದ ಮೇಲಿನ ಯೂರೆ ಬಂದ. ಕುದುರೆ ಮಾರಬೇಕಂತೆ. ನನ್ನ ಪರಿಸ್ಥಿತಿಯನ್ನು ಸ್ಲೇಟಿನ ಮೇಲೆ ಬರೆದು ಹಿಡಿದೆ. ಅವನಿಗೆ ಓದು ಬಾರದು. ಉರ್ಷಾಳ ಕಡೆ ತಿರುಗಿ, "ಅಯ್ಯೋ, ಕಿವಿಯೂ ಹೋಯ್ತಾ?" ಎಂದು ಕೇಳಿದ. ಅವಳು ಉತ್ತರಿಸುವ ಮೊದಲೇ ನನ್ನ ಕಿವಿಗೆ ಬಾಯಿಟ್ಟು ಕೂಗಿದ: "ಬೇಜಾರ್ ಮಾಡ್ಕೋಬೇಡ ಓಜ್ಬಾಲ್ಟ್! ನಾನು ಲೋಯ್ಜನ ಹತ್ರ ಹೋಗ್ತೀನಿ!"

ಲೋಯ್ಜನ ಹತ್ತಿರ! ಮಾರುವವನೂ ಕೊಳ್ಳುವವನೂ ಹಟ ಹಿಡಿದು ನಿಂತಾಗ ನಡುವೆ ನಿಂತು, ಇಬ್ಬರ ಕೈ ಎಳೆದು ಸೇರಿಸಿ, ವ್ಯತ್ಯಾಸವನ್ನು ಒಡೆದು ಹಂಚುವುದು ನನ್ನಂಥ ದಲ್ಲಾಳಿಯ ಕೆಲಸ. ಅದೇ ಕಸುಬಿನ ಲೋಯ್ಜನಿಗೆ ಒಡೆಯುವುದು ಗೊತ್ತು, ಹಂಚುವುದು ಗೊತ್ತಿಲ್ಲ. ನಾನು ಇಷ್ಟು ವರ್ಷಗಳಲ್ಲಿ ಒಡೆಯದ ಬೆಲೆಯನ್ನು ಕಂಡಿಲ್ಲ.

29 ಸೆಪ್ಟೆಂಬರ್

ಮಹಡಿಯ ಬಾಡಿಗೆದಾರರಾದ ಗೋಮಿಲ್ಶೆಕ್ ಮೇಷ್ಟ್ರು ಇಳಿದು ಬಂದರು. ನಲವತ್ತು ವರ್ಷ ಹುಡುಗರಿಗೆ ಗಣಿತ ಹೇಳಿ ಈಗ ನಿವೃತ್ತರು. ಅವರು ಒಂದು ಮಾತಾಡುವುದರೊಳಗೆ ನಾನು ಹತ್ತಾಡುತ್ತಿದ್ದೆ, ಹಾಗಾಗಿ ಇಷ್ಟು ದಿನ ನಮ್ಮ ಮೆಟ್ಟಿಲಿಳಿಯಲು ಹೆದರುತ್ತಿದ್ದರು. ಇವತ್ತು ಹಬ್ಬದ ಹಾಗೆ ಇಳಿದರು.

"ಎಲ್ಲಾನೂ ಒಡೆಯುತ್ತೆ ಅಂತಿದ್ಯಲ್ಲ. ತಗೋ, ಇದನ್ನ ಒಡಿ," ಎಂದು ಸ್ಲೇಟು ಕಿತ್ತುಕೊಂಡು ಬರೆದರು:

2305843009213693951

ಅರವತ್ತೊಂದು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಇದು. ಒಂದು ಮತ್ತು ತಾನು, ಈ ಎರಡು ಬಿಟ್ಟರೆ ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲವಂತೆ. ಐವತ್ತು ವರ್ಷದ ಹಿಂದೆ ರಷ್ಯಾದ ಹಳ್ಳಿಯ ಪಾದ್ರಿಯೊಬ್ಬ ಕೈಯಲ್ಲೇ ಲೆಕ್ಕ ಹಾಕಿ ಕಂಡುಕೊಂಡನಂತೆ.

ಸ್ಲೇಟು ವಾಪಸು ತೆಗೆದುಕೊಂಡು ಕೆಳಗೆ ಬರೆದೆ: "ಪಾದ್ರಿಗೆ ವ್ಯಾಪಾರ ಗೊತ್ತಿರಲಿಲ್ಲ."

30 ಸೆಪ್ಟೆಂಬರ್

ಬೆಳಿಗ್ಗೆಯಿಂದ ಭಾಗಿಸಿದೆ. ಮೂರರಿಂದ ಆಗಲಿಲ್ಲ. ಏಳು, ಹನ್ನೊಂದು, ಹದಿಮೂರು, ಯಾರನ್ನೂ ಒಳಗೆ ಬಿಡಲಿಲ್ಲ. ಮೇಷ್ಟ್ರು ಕನಿಕರದಿಂದ ಒಂದು ಸುಳಿವು ಕೊಟ್ಟರು: ಇದಕ್ಕೆ ಭಾಜಕವೇನಾದರೂ ಇದ್ದರೆ ಅದು 122ರ ಮಗ್ಗಿಯಲ್ಲಿ ಬರುವ ಸಂಖ್ಯೆಗೆ ಒಂದು ಸೇರಿಸಿದ್ದೇ ಆಗಿರಬೇಕು. ಉಳಿದವರಿಗೆ ಬಾಗಿಲು ಬಡಿಯುವ ಯೋಗ್ಯತೆಯೂ ಇಲ್ಲ. ಖುಷಿಯಾಯಿತು. 367ನ್ನು ಹಿಡಿದುಕೊಂಡು ಹೋದೆ, ಸೋತು ಬಂದೆ. ಇಂಥವನ್ನು ಎಲ್ಲಿಯವರೆಗೆ ನೋಡಬೇಕೆಂದು ಕೇಳಿದರೆ, "ನೂರೈವತ್ತು ಕೋಟಿ ದಾಟೋವರೆಗೆ" ಎಂದರು. ದಿನಕ್ಕೆ ಹತ್ತರಂತೆ ಮೂರು ಸಾವಿರ ವರ್ಷ ಮೀರುತ್ತದೆ. ನನಗೆ ಸಿಕ್ಕಿರುವುದು ಅರವತ್ತು ದಿನ.

1 ಅಕ್ಟೋಬರ್

ಅಡ್ಡದಾರಿ ಇದೆಯಂತೆ. ಭಾಜಕವನ್ನು ಹುಡುಕಬೇಕಾಗಿಯೇ ಇಲ್ಲ. ನಾಲ್ಕರಿಂದ ಶುರು. ಅದನ್ನು ಅದರಿಂದಲೇ ಗುಣಿಸು, ಎರಡು ಕಳೆ, ಬಂದದ್ದನ್ನು ಆ ದೊಡ್ಡ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೋ. ಆ ಶೇಷಕ್ಕೂ ಹಾಗೇ ಮಾಡು. ಹೀಗೆ ಐವತ್ತೊಂಬತ್ತು ಸಲ. ಐವತ್ತೊಂಬತ್ತನೆಯ ಶೇಷ ಸೊನ್ನೆಯಾದರೆ ಅದು ಒಡೆಯದ ಸಂಖ್ಯೆ, ಸೊನ್ನೆಯಾಗದಿದ್ದರೆ ಒಡೆಯುತ್ತದೆ.

"ನಡುವೆ ಗೊತ್ತಾಗಲ್ವಾ?" ಬರೆದು ಕೇಳಿದೆ.

"ಐವತ್ತೆಂಟನೇದರಲ್ಲೂ ಗೊತ್ತಾಗಲ್ಲ. ಮಾತಾಡ್ಬೇಕು ಅನ್ನಿಸಿದಾಗಲೆಲ್ಲ ಒಂದು ವರ್ಗ ಮಾಡು."

14, 194, 37634, 1416317954, 2005956546822746114. ಐದು ಮೆಟ್ಟಿಲನ್ನು ಊಟದೊಳಗೆ ಹತ್ತಿದೆ. ಇಷ್ಟರವರೆಗೆ ಭಾಗಿಸುವ ಗೊಡವೆಯೇ ಬರಲಿಲ್ಲ. ಇಷ್ಟೇನಾ ಎಂದುಕೊಂಡೆ.

2 ಅಕ್ಟೋಬರ್, ಭಾನುವಾರ

ಇಷ್ಟೇ ಅಲ್ಲ. ಆರನೆಯದರ ವರ್ಗಕ್ಕೆ ಮೂವತ್ತೇಳು ಅಂಕಿ. ಪೂಜೆ ಮುಗಿಸಿ ಬಂದವನು ಕತ್ತಲಾಗುವವರೆಗೆ ಅದರಲ್ಲೇ ಇದ್ದೆ.

12 ಅಕ್ಟೋಬರ್

ಹದಿನಾರನೆಯದು ಮುಗಿಯಿತು. ಈಗ ಒಂದು ಕ್ರಮಕ್ಕೆ ಬಂದಿದ್ದೇವೆ. ಆ ಸಂಖ್ಯೆಯ ಒಂದರಿಂದ ಒಂಬತ್ತರವರೆಗಿನ ಮಗ್ಗಿಯನ್ನು ಕಂದು ಕಾಗದದ ಮೇಲೆ ಬರೆದು ಒಲೆಯ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಉರ್ಷಾ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ತಿರುವುವಾಗ ಅದರ ಮೇಲೆ ಹಂದಿಕೊಬ್ಬು ಸಿಡಿದು ಏಳರ ಸಾಲು ಪಾರದರ್ಶಕವಾಗಿದೆ.

ತಾಳೆ ನೋಡುವವಳು ಅವಳೇ. ಪ್ರತಿಯೊಂದು ಸಂಖ್ಯೆಯ ಅಂಕಿಗಳನ್ನೂ ಕೂಡಿಸಿ, ಒಂಬತ್ತುಗಳನ್ನು ಎಸೆದು, ಉಳಿದದ್ದನ್ನು ಹೋಲಿಸುತ್ತಾಳೆ. ವರ್ಗದ ಕಡೆಯೂ ಭಾಗಾಕಾರದ ಕಡೆಯೂ ಒಂದೇ ಬಂದರೆ ಹಾಳೆಯ ಮೂಲೆಯಲ್ಲಿ ಶಿಲುಬೆ ಗುರುತು. ಬಾರದಿದ್ದರೆ ಹಾಳೆಯನ್ನು ನನ್ನ ಕಡೆ ತಳ್ಳಿ, "ಇನ್ನೊಂದ್ಸಲ, ಯಜಮಾನ್ರೇ," ಎನ್ನುತ್ತಾಳೆ. ಈ ವಿದ್ಯೆ ಎಲ್ಲಿಂದ ಬಂತೆಂದು ಬರೆದು ಕೇಳಿದೆ.

"ಅಪ್ಪನ ಗಿರಣೀಲಿ ಚೀಲದ ಲೆಕ್ಕ ನೋಡ್ತಿದ್ದೋಳು ನಾನೇ ಅಲ್ವಾ. ಹದಿನಾಲ್ಕು ವರ್ಷದೋಳು. ಗಾಡಿಯೋರೆಲ್ಲ ಹೆದರ್ತಿದ್ರು."

ಮೂವತ್ತೊಂದು ವರ್ಷ ಒಟ್ಟಿಗೆ ಬಾಳಿದ್ದೇವೆ. ಇದು ನನಗೆ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲವೋ. ಹೆಂಗಸರು ವಿಷಯ ಮುಚ್ಚಿಡುತ್ತಾರೆ.

19 ಅಕ್ಟೋಬರ್

ನಮ್ಮ ಸಂಖ್ಯೆಯ ಗುಣಾವಗುಣಗಳನ್ನು ಮೇಷ್ಟ್ರು ಹುಡುಗಿ ನೋಡಲು ಬಂದವರ ಮುಂದೆ ವರದಿ ಒಪ್ಪಿಸುವವರಂತೆ ಹೇಳುತ್ತಾರೆ. ನಾಲ್ಕರಿಂದ ಭಾಗಿಸಿದರೆ ಮೂರು ಉಳಿಯುವುದರಿಂದ ಎರಡು ವರ್ಗಗಳ ಮೊತ್ತವಾಗಿ ಇದನ್ನು ಬರೆಯಲಾಗದು. ಅಂದರೆ ಎಷ್ಟೇ ದೊಡ್ಡ ಚೌಕದ ಹೊಲವನ್ನು ಇನ್ನೊಂದು ಚೌಕದ ಹೊಲಕ್ಕೆ ಸೇರಿಸಿದರೂ ಇದರಷ್ಟಾಗದು. ಸೊನ್ನೆ ಮತ್ತು ಒಂದು ಮಾತ್ರ ಬಳಸಿ ಬರೆದರೆ ಅರವತ್ತೊಂದು ಒಂದುಗಳ ಸಾಲು, ನಡುವೆ ಸಂದು ಇಲ್ಲದ ಬೇಲಿ. ಇದನ್ನು ಅರವತ್ತು ಎರಡುಗಳ ಗುಣಲಬ್ಧದಿಂದ ಗುಣಿಸಿದರೆ ಹುಟ್ಟುವ ಸಂಖ್ಯೆ ಪರಿಪೂರ್ಣವಾದದ್ದು: ತನಗಿಂತ ಚಿಕ್ಕದಾದ ತನ್ನ ಎಲ್ಲ ಭಾಜಕಗಳನ್ನೂ ಕೂಡಿಸಿದರೆ ಸರಿಯಾಗಿ ತನ್ನಷ್ಟೇ ಆಗುತ್ತದೆ.

ಪಾಲು ಕೂಡಿಸಿದರೆ ಮನೆಯಷ್ಟೇ ಆಗುವ ಮನೆಯನ್ನು ನಾನು ನೋಡಿಲ್ಲ. ನಾನು ಪಾಲು ಮಾಡಿಸಿದ ಮನೆಗಳಲ್ಲಿ ಯಾವಾಗಲೂ ಒಂದು ಕೊಡಲಿ ಕಡಿಮೆ ಬೀಳುತ್ತಿತ್ತು.

28 ಅಕ್ಟೋಬರ್, ಶುಕ್ರವಾರ

ಒರ್ಮೊಜ್‌ನಲ್ಲಿ ಸಂತೆ. ಸುಮ್ಮನೆ ನೋಡಿ ಬಂದೆ. ಚಳಿ. ಮೂವತ್ತೆರಡನೆಯದು ಮುಗಿಯಿತು. ತಾಳೆ ಸರಿ.

29 ಅಕ್ಟೋಬರ್

ನಿನ್ನೆ ಬರೆದದ್ದು ಸುಳ್ಳಲ್ಲ, ಸ್ವಲ್ಪ ಮೊಟಕು. ಈ ಪುಸ್ತಕವನ್ನು ಓದುವವನು ನಾನೊಬ್ಬನೇ, ಅವನ ಮುಂದೆ ನಾಚಿಕೆ ಏನು.

ಲೋಯ್ಜ್ ಯೂರೆಯ ಕುದುರೆಯನ್ನು ಹಾಳು ಮಾಡುತ್ತಿದ್ದ. ಕೊಳ್ಳುವವನು ಲ್ಯುಟೊಮೆರ್ ಕಡೆಯವನು, ಒಳ್ಳೆಯ ಆಸಾಮಿ, ಹೊರಟೇಬಿಟ್ಟಿದ್ದ. ನಾನು ಬೇಲಿಯ ಬಳಿ ನಿಂತು ನೋಡುತ್ತಿದ್ದೆ. ಎಷ್ಟು ಹೊತ್ತು ನೋಡಲಾದೀತು? ಓಡಿ ಹೋಗಿ ಕೊಳ್ಳುವವನ ತೋಳು ಹಿಡಿದೆ. ಕಿವಿಯಲ್ಲಿ ಹೇಳಿದೆ. ಆಮೇಲೆ ಯೂರೆಯ ಕಿವಿಯಲ್ಲಿ. ಪಿಸುಮಾತಷ್ಟೇ, ಕೂಗಲಿಲ್ಲ. ಕುದುರೆ ಮಾರಾಟವಾಯಿತು. ಜನ ಗುರುತು ಹಿಡಿದರು. ಇನ್ನೊಂದು ಜೋಡಿ ಎತ್ತಿಗೂ ಕರೆದರು. ಒಟ್ಟು ಎರಡು ಗಂಟೆಯಾದೀತು. "ಸತ್ತವ್ನು ಎದ್ದು ಬಂದ ನೋಡ್ರೋ!" ಎಂದ ಯೂರೆ.

ಮನೆಗೆ ಬಂದವನು ಮೂವತ್ತೆರಡನೆಯದಕ್ಕೆ ಕೂತೆ. ತಲೆಯೊಳಗೆ ಇನ್ನೂ ಸಂತೆ ನಡೆಯುತ್ತಿತ್ತು. ಉರ್ಷಾಳಿಗೆ ಕೊಡುವ ಮೊದಲು ನಾನೇ ಒಂಬತ್ತರ ತಾಳೆ ನೋಡಿದೆ: ಒಂದು ಕಡೆ ಏಳು, ಇನ್ನೊಂದು ಕಡೆ ನಾಲ್ಕು. ಅಷ್ಟನ್ನೂ ಮತ್ತೆ ಮಾಡಬೇಕು. ಏಳು, ನಾಲ್ಕು, ನಡುವೆ ಮೂರು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಬ್ಬರನ್ನು ಜಗಳಾಡಲು ಬಿಟ್ಟವನು ಎಂಥ ದಲ್ಲಾಳಿ? ಶೇಷದ ಮಧ್ಯದಲ್ಲೊಂದು ಅಂಕಿ ಐದಿತ್ತು, ಎಂಟು ಮಾಡಿದೆ. ಎರಡೂ ಕಡೆ ಏಳಾಯಿತು. ಉರ್ಷಾ ಶಿಲುಬೆ ಹಾಕಿದಳು.

ಹತ್ತೊಂಬತ್ತು ಅಂಕಿಯಲ್ಲಿ ಒಂದು. ಯಾರಿಗೂ ನೋವಾಗಿಲ್ಲ.

11 ನವೆಂಬರ್

ಸಂತ ಮಾರ್ಟಿನನ ಹಬ್ಬ. ಹೊಸ ವೈನು, ಬಾತುಕೋಳಿ. ನೆರೆಯವರೆಲ್ಲ ಬಂದರು. ಮೊದಲಾಗಿದ್ದರೆ ಮೇಜಿನಲ್ಲಿ ನನ್ನದೊಂದೇ ಧ್ವನಿ. ಇವತ್ತು ಉರ್ಷಾ ಗಿರಣಿಯ ಕಾಲದ ಕಥೆ ಹೇಳಿದಳು, ಹಿಟ್ಟಿನ ಚೀಲದಲ್ಲಿ ಮರಳು ತುಂಬಿ ತಂದ ಗಾಡಿಯವನಿಗೆ ಅದೇ ಮರಳಿನ ರೊಟ್ಟಿ ಸುಟ್ಟುಕೊಟ್ಟದ್ದು. ಮೇಷ್ಟ್ರು ನಕ್ಕು ನಕ್ಕು ಕೆಮ್ಮಿದರು. ಕಥೆ ಇನ್ನೂ ಉದ್ದವಿತ್ತು, ಯಾರೋ ನಡುವೆ ಬಾಯಿ ಹಾಕಿ ಕೆಡಿಸಿದರು. ಅವನ ಮೇಲೆ ನನಗೆ ಸಿಟ್ಟು ಬಂತು. ಎಂಥ ವಾಚಾಳಿ ಜನ.

ನಲವತ್ತಾರನೆಯದು.

24 ನವೆಂಬರ್, ಗುರುವಾರ

ಮಧ್ಯಾಹ್ನ ಮೂರಕ್ಕೆ ಐವತ್ತೊಂಬತ್ತನೆಯದು ಮುಗಿಯಿತು. ಮೇಷ್ಟ್ರು ಕೋಟು ಹಾಕಿಕೊಂಡು ಬಂದಿದ್ದರು. ಉರ್ಷಾ ಕುಂಬಳಬೀಜದ ಎಣ್ಣೆಯ ಹೊಸ ಬಾಟಲಿ ತೆರೆದಿದ್ದಳು, ಏನೋ ಶುಭಕಾರ್ಯವೆಂಬಂತೆ.

ಸೊನ್ನೆಯಲ್ಲ. ಹದಿನೇಳರಿಂದ ಶುರುವಾಗುವ ಒಂದು ದೊಡ್ಡ ಕಸ.

"ಹಂಗಾದ್ರೆ ಒಡೆಯುತ್ತಾ?" ಎಂದಳು ಉರ್ಷಾ.

"ಒಡೆಯಲ್ಲಮ್ಮ. ಪಾದ್ರಿ ಆದ್ಮೇಲೆ ಬೇರೆಯೋರೂ ನೋಡಿದಾರೆ. ಹಾಳೇಲೇ ಎಲ್ಲೋ ತಪ್ಪಿದೆ. ಒಂದು ಕಡೆ ತಪ್ಪಿದ್ರೆ ಸಾಕು, ಆಮೇಲಿಂದು ಎಷ್ಟು ಸರಿಯಾಗಿ ಮಾಡಿದ್ರೂ ಆ ಉತ್ತರ ಸಂಖ್ಯೆ ಬಗ್ಗೆ ಏನೂ ಹೇಳಲ್ಲ. ಇಲ್ಲಾಂತಾನೂ ಹೇಳಲ್ಲ, ಹೌದು ಅಂತಾನೂ ಹೇಳಲ್ಲ."

"ತಾಳೆ ನೋಡಿದ್ದು ನಾನು. ನಂದೇ ತಪ್ಪು."

"ಒಂಬತ್ತರ ಕಣ್ಣಿಗೆ ಬೀಳದ ತಪ್ಪುಗಳೂ ಇರ್ತವೆ. ಹನ್ನೊಂದರಲ್ಲೂ ನೋಡ್ಬೇಕಿತ್ತು."

ಅವಳು ಕೇಳಿಸಿಕೊಳ್ಳಲಿಲ್ಲ. ಕನ್ನಡಕ ಏರಿಸಿ ಆರನೆಯ ಹಾಳೆಯಿಂದ ಶುರು ಮಾಡಿದ್ದಾಳೆ. ನಾನು ಇದನ್ನು ಬರೆಯುತ್ತಿರುವಾಗ ಹದಿನಾಲ್ಕರಲ್ಲಿದ್ದಾಳೆ. ಆಗಾಗ ಕಣ್ಣು ಒರೆಸಿಕೊಳ್ಳುತ್ತಾಳೆ, ದಣಿವಿಗೆ ಇರಬೇಕು. ಮೂವತ್ತೆರಡಕ್ಕೆ ಬಂದರೂ ಅವಳಿಗೆ ಏನೂ ಸಿಗದು. ಅಲ್ಲಿ ಏಳೂ ಏಳೂ ಅಕ್ಕಪಕ್ಕ ಕೂತಿವೆ, ನಾನೇ ಕೂರಿಸಿದ್ದೇನೆ.

ನಾನು ಏನೂ ಹೇಳಲಿಲ್ಲ. ಮಾತಾಡಬಾರದೆಂದು ಡಾಕ್ಟರ ಆಜ್ಞೆಯಿದೆ.

25 ನವೆಂಬರ್

ಡಾಕ್ಟರು ಕನ್ನಡಿ ಹೊರತೆಗೆದು ಬಹಳ ಹೊತ್ತು ಒರೆಸಿದರು. ಕಿಟಕಿಯಾಚೆ ಸಂತೆಯ ಗದ್ದಲ.

"ಗಂಟು ಇನ್ನೂ ಇದೆ. ಸ್ವಲ್ಪ ಇಳಿದಿದೆ, ಅಷ್ಟೆ. ಅರವತ್ತು ದಿನದಲ್ಲಿ ಹೋಗ್ಬೇಕಿತ್ತು. ಒಂದು ಮಾತೂ ಆಡಿಲ್ಲ ತಾನೆ?"

"ಒಂದೂ ಇಲ್ಲ ಡಾಕ್ಟ್ರೇ," ಎಂದಳು ಉರ್ಷಾ. "ನಾನೇ ಸಾಕ್ಷಿ. ನಿದ್ದೇಲೂ ಗೊರಕೆ ಹೊಡೀದೆ ಮಲಗಿದಾರೆ."

"ಹಂಗಾದ್ರೆ ಇದು ಕಿರುಚಿ ಬಂದದ್ದಲ್ಲ. ಗ್ರಾಜ್‌ಗೆ ಕಾಗದ ಬರೀತೀನಿ."

ಉರ್ಷಾ ನನ್ನ ತೋಳು ಹಿಡಿದಳು. ಡಾಕ್ಟರು ಲೇಖನಿಯನ್ನು ಶಾಯಿಗೆ ಅದ್ದಿದರು. ನಾನು ಆ ಲೇಖನಿಯ ತುದಿ ನೋಡುತ್ತಾ ಮೇಷ್ಟ್ರ ಮಾತನ್ನೇ ಯೋಚಿಸುತ್ತಿದ್ದೆ. ನಡುವೆ ತಪ್ಪಿದ ಲೆಕ್ಕದ ಶೇಷ ಸಂಖ್ಯೆಯ ಬಗ್ಗೆ ಏನೂ ಹೇಳುವುದಿಲ್ಲ. ನಡುವೆ ಮುರಿದ ಮೌನದ ಗಂಟು ಗಂಟಲಿನ ಬಗ್ಗೆ ಏನು ಹೇಳೀತು? ಅವರು ಕೊಯ್ಯಲು ಹೊರಟಿರುವುದು ನಾನು ತಿದ್ದಿದ ಅಂಕಿಯನ್ನು ನಂಬಿ.

ಸ್ಲೇಟಿನ ಮೇಲೆ ಬರೆದೆ: "ಆಡಿದ್ದೇನೆ. ಅಕ್ಟೋಬರ್ 28, ಒರ್ಮೊಜ್ ಸಂತೆ. ಎರಡು ಗಂಟೆ ಪಿಸುಮಾತು."

ಬರೆದವನು ಅಲ್ಲಿಗೆ ನಿಲ್ಲಿಸಬಹುದಿತ್ತು. ಅದರ ಕೆಳಗೆ ಇನ್ನೊಂದು ಸಾಲು ಬರೆದೆ: "ಅವತ್ತಿನ 32ರಲ್ಲಿ 5 ಇತ್ತು. ತಾಳೆಯಾಗಲೆಂದು 8 ಮಾಡಿದೆ. ಉರ್ಷಾಳ ತಪ್ಪಿಲ್ಲ."

ಡಾಕ್ಟರು ಮೊದಲ ಸಾಲು ಓದಿ ಲೇಖನಿ ಕೆಳಗಿಟ್ಟರು. ಎರಡನೆಯದನ್ನು ಎರಡು ಸಲ ಓದಿದರು. "ಇದೇನು ಐದು, ಎಂಟು?"

"ಅದು ನಮ್ಮನೆ ವಿಷಯ ಡಾಕ್ಟ್ರೇ," ಎಂದಳು ಉರ್ಷಾ. ಧ್ವನಿ ಗಿರಣಿಯದು.

ತೀರ್ಪು: ಪಿಸುಮಾತು ಕೂಗಿಗಿಂತ ಕೆಟ್ಟದ್ದು. ಕಾಗದ ಬರೆಯುವುದಿಲ್ಲ. ಮೌನವನ್ನು ಅಕ್ಟೋಬರ್ 28ರಿಂದ ಎಣಿಸಿ ಅರವತ್ತು ದಿನ. ಡಿಸೆಂಬರ್ 27ಕ್ಕೆ ಕೊನೆಯ ಕನ್ನಡಿ. ಆಗಲೂ ಗಂಟಿದ್ದರೆ ಗ್ರಾಜ್, ಅದರಲ್ಲಿ ಇನ್ನು ಚೌಕಾಸಿಯ ಮಾತೇ ಇಲ್ಲ.

ಸೇತುವೆಯವರೆಗೆ ಅವಳು ನನಗಿಂತ ಎರಡು ಹೆಜ್ಜೆ ಮುಂದೆ ನಡೆದಳು. ಆಮೇಲೆ ಬಾಯಿ ಬಿಟ್ಟಳು.

"ಇಡೀ ರಾತ್ರಿ ಕಣ್ಣು ಬಿಟ್ಕೊಂಡು ಕೂತಿದ್ದೆ ನಾನು! ಬುದ್ಧಿ ಮಂಕಾಯ್ತೇನೋ, ವಯಸ್ಸಾಯ್ತೇನೋ ಅಂತ. ನೀವು ಪಕ್ಕದಲ್ಲೇ ಕೂತು ಡೈರಿ ಬರೀತಿದ್ರಿ. ಏನ್ ಬರೆದ್ರಿ? ಬಾತುಕೋಳಿ ಚೆನ್ನಾಗಿತ್ತು ಅಂತಲಾ? ಸಂಖ್ಯೆ ಜೊತೇನೂ ಚೌಕಾಸಿ! ಅದೇನು ಯೂರೆ ಕುದುರೇನಾ, ಹಲ್ಲು ಅರದಲ್ಲಿ ಉಜ್ಜಿ ವಯಸ್ಸು ಕಮ್ಮಿ ಮಾಡೋಕೆ?"

ದಾರಿಯಲ್ಲಿ ಸಂತೆಗೆ ಹೋಗುವವರು ನಿಂತು ಕೇಳಿದರು. ಉತ್ತರ ಕೊಡಲು ನನ್ನ ಬಳಿ ಒಂದು ಸ್ಲೇಟು, ಅರ್ಧ ಇಂಚು ಸೀಮೆಸುಣ್ಣ.

ಯೋಚಿಸುತ್ತಿದ್ದೇನೆ. ಮೊದಲ ಸಾಲಿನಿಂದ ನನಗೆ ಲಾಭವಿತ್ತು, ಗಂಟಲು ಉಳಿಯಿತು. ಎರಡನೆಯ ಸಾಲನ್ನು ಯಾಕೆ ಬರೆದೆನೋ ಗೊತ್ತಿಲ್ಲ. ಅದನ್ನು ಯಾರೂ ಕೇಳಿರಲಿಲ್ಲ.

26 ನವೆಂಬರ್

ಉರ್ಷಾ ಮೂವತ್ತೆರಡರಿಂದ ಐವತ್ತೊಂಬತ್ತರವರೆಗಿನ ಹಾಳೆಗಳನ್ನು ಒಲೆಗೆ ಹಾಕಿ ಅದರ ಮೇಲೆ ಹಾಲು ಕಾಯಿಸಿದಳು. ಮೂವತ್ತೊಂದನೆಯದನ್ನು ನನ್ನ ಮುಂದಿಟ್ಟಳು. "ಕೂತ್ಕೊಳ್ಳಿ."

ಇಪ್ಪತ್ತೆಂಟು ಹೆಜ್ಜೆ ಹೊಸದಾಗಿ. ಈಗ ತಾಳೆ ಎರಡು ಬಗೆ: ಒಂಬತ್ತರದು ಅವಳೇ, ಹನ್ನೊಂದರದೂ ಅವಳೇ. ನಾನು ಮೊದಲೇ ನೋಡುವಂತಿಲ್ಲ.

9 ಡಿಸೆಂಬರ್

ನಲವತ್ತೈದನೆಯದನ್ನು ಮೂರು ಸಲ ಮಾಡಿಸಿದಳು. ಮೂರನೆಯ ಸಲ ಒಂಬತ್ತು ಒಪ್ಪಿತು, ಹನ್ನೊಂದು ಒಪ್ಪಲಿಲ್ಲ. ನಾಲ್ಕನೆಯ ಸಲ ನಾನೇ ಹಾಳೆ ಎಳೆದುಕೊಂಡೆ.

ಲೋಯ್ಜ್ ಬಂದಿದ್ದ. ಒಂದು ಹಿಂಡು ಹಂದಿಯ ವ್ಯಾಪಾರ ಕಗ್ಗಂಟಾಗಿದೆಯಂತೆ. "ಸುಮ್ನೆ ಬಂದು ಪಕ್ಕದಲ್ಲಿ ನಿಂತ್ಕೊ ಓಜ್ಬಾಲ್ಟ್, ಬಾಯಿ ಬಿಡೋದೇನೂ ಬೇಡ," ಎಂದ. ನನ್ನ ಹತ್ತಿರ ಮೂವತ್ತೇಳು ಅಂಕಿ ಅರ್ಧ ಭಾಗವಾಗಿ ನಿಂತಿದ್ದವು. ಇಲ್ಲವೆಂದು ತಲೆಯಾಡಿಸಿ ಕಳಿಸಿದೆ. ಹಂದಿಗಳ ವ್ಯಾಪಾರ ಏನಾಯಿತೋ ಎಂದು ಸಂಜೆಯಷ್ಟೇ ನೆನಪಾಯಿತು.

16 ಡಿಸೆಂಬರ್

ಐವತ್ತೆರಡು.

20 ಡಿಸೆಂಬರ್

ಐವತ್ತಾರು. ಹಿಮ.

23 ಡಿಸೆಂಬರ್, ಶುಕ್ರವಾರ

ಕೊನೆಯ ಭಾಗಾಕಾರದಲ್ಲಿ ಅಂಕಿಗಳು ಒಂದೊಂದಾಗಿ ಕಳೆದುಹೋಗುತ್ತಿದ್ದಾಗ ಕೊನೆಯಲ್ಲಿ ಏನು ಬರುತ್ತದೆಂದು ಆಗಲೇ ಕಾಣುತ್ತಿತ್ತು. ಆದರೂ ಒಂದನ್ನೂ ಹಾರಿಸಲಿಲ್ಲ. ಗೋಡೆಯ ಮೇಲಿನ ಮಗ್ಗಿಯ ಒಂದು ಸಾಲೂ ನನ್ನ ಕೈಯಲ್ಲಿದ್ದ ಸಾಲೂ ಅಂಕಿಗೆ ಅಂಕಿ ಒಂದೇ. ಕಳೆದೆ.

ಸೊನ್ನೆ.

ಮೇಷ್ಟ್ರನ್ನು ಕರೆಯೋಣವೆಂದು ಉರ್ಷಾ ಎದ್ದವಳು ಮತ್ತೆ ಕೂತಳು. ನಾವಿಬ್ಬರೂ ಸ್ವಲ್ಪ ಹೊತ್ತು ಅದನ್ನೇ ನೋಡುತ್ತಿದ್ದೆವು. ಇಷ್ಟೊಂದು ಕೆಲಸಕ್ಕೆ ಕೈಗೆ ಬಂದದ್ದು ಒಂದು ಸೊನ್ನೆ, ಮಾರಲಾಗದ್ದು, ಹಂಚಲಾಗದ್ದು. ಅವಳು ಅದರ ಪಕ್ಕದಲ್ಲಿ ಶಿಲುಬೆ ಹಾಕಿದಳು. ಸೊನ್ನೆಗೂ ತಾಳೆ ನೋಡಿದಳೋ ಏನೋ.

27 ಡಿಸೆಂಬರ್

ಗಂಟು ಹೋಗಿದೆ.

ಆದರೆ ಅದಿದ್ದ ಜಾಗ ದಪ್ಪಗಾಗಿ ಗಾಯದ ಕಲೆ ಉಳಿದಿದೆಯಂತೆ. "ಮನೇಲಿ ಮಾತಾಡು, ಹೋಟ್ಲಲ್ಲಿ ಮಾತಾಡು. ಸಂತೇಲಿ ಮಾತ್ರ ಇನ್ನು ಯಾವತ್ತೂ ಬೇಡ. ಒಂದು ಸಂತೆ ಕೂಗಿದ್ರೂ ಗಂಟು ವಾಪಸ್ ಬರುತ್ತೆ," ಎಂದರು ಡಾಕ್ಟರು. ಆಮೇಲೆ ಕೈಕಟ್ಟಿ ಕುರ್ಚಿಗೆ ಒರಗಿದರು. "ಹ್ಞೂಂ, ಈಗ ಬಾಯಿ ಬಿಡಬಹುದು. ಹೇಳು, ಏನ್ ಹೇಳ್ತೀಯೋ."

"ಸರಿ," ಎಂದೆ.

ಯಾರದೋ ಧ್ವನಿ, ತೆಳ್ಳಗೆ, ಒಣಗಿದ ಜೋಳದ ಸಿಪ್ಪೆಯಂತೆ. ಡಾಕ್ಟರು ಇನ್ನೇನೋ ಬರುತ್ತದೆಂದು ಕಾದರು. ಉರ್ಷಾಳೂ ಕಾದಳು. ಬರಲಿಲ್ಲ. ಅವರು ಹೇಳಿದ್ದರಲ್ಲಿ ಒಡೆಯುವಂಥದ್ದೇನೂ ನನಗೆ ಕಾಣಲಿಲ್ಲ.

ದ್ರಾವಾ ನದಿ ಅಂಚಿನಲ್ಲಿ ಹೆಪ್ಪುಗಟ್ಟಿತ್ತು. ಸೇತುವೆಯ ಮೇಲೆ ಉರ್ಷಾ ಕೇಳಿದಳು: "ಇನ್ನೇನ್ ಮಾಡ್ತೀರಿ ದಿನಾ?"

"ಎಂಬತ್ತೊಂಬತ್ತು ಎರಡುಗಳದ್ದೊಂದು ಇದೆಯಂತೆ. ಮೇಷ್ಟ್ರು ಹೇಳ್ತಿದ್ರು. ಇಪ್ಪತ್ತೇಳು ಅಂಕಿ."

"ಇಪ್ಪತ್ತೇಳಾ! ಆ ಗೋಡೆ ಸಾಲಲ್ಲ ಹಂಗಾದ್ರೆ, ಕಿಟಕಿ ಪಕ್ಕದ್ದು ಬೇಕು. ಕಪಾಟು ಆಚೆ ತಳ್ಬೇಕು. ಅದನ್ನ ಮದುವೆಯಾದ ವರ್ಷಾನೇ ತಳ್ಳೋಣ ಅಂದಿದ್ದೆ ನಾನು, ನೀವು ಎಲ್ಲಿ ಕೇಳಿದ್ರಿ? ಅವತ್ತು ಏನಾಗಿತ್ತು ಗೊತ್ತಾ..."

ನದಿಯ ಕಡೆಯಿಂದ ಗಾಳಿ ಜೋರಾಗಿ ಬೀಸುತ್ತಿತ್ತು. ಅವಳು ಹೇಳುತ್ತಾ ಹೋದಳು. ಮಾತು ಸರಿಯಾಗಿ ಕೇಳಲೆಂದು ನಾನು ಟೋಪಿಯ ಕಿವಿಪಟ್ಟಿ ಮೇಲೆತ್ತಿಕೊಂಡೆ. ಮನೆ ಸೇರುವಷ್ಟರಲ್ಲಿ ಕಿವಿ ಮರಗಟ್ಟಿತ್ತು.